ಅರ್ಧ ಟಗರು

ಜನರೇಟರು ಬಾಡಿಗಿ ತಾಸಿಗೆ ಇನ್ನೂರು,
ಪೆಟ್ರೋಲು ನಮ್ಮದು.
ಉಮದಿಯಿಂದ ಟಿವಿಎಸ್ ಮ್ಯಾಲೆ ಕಟ್ಟಿ ತಂದ ಲಾಡ್ಲೇಸಾಬ
ಜಾಲಿ ಗಿಡದಾಚೆ ಇಳಿಸಿ ವಾಯರು ಎಳೆದ.
"ಹತ್ರ ಇಟ್ರ ಟಗರು ಕೈಗೆ ಸಿಗೂದಿಲ್ರೀ."

ಹಗ್ಗ ಎರಡು ಸಲ ಜಗ್ಗಿದ, ಮೂರನೇದಕ್ಕ ಚಾಲೂ ಆತು.
ಮಷೀನು ಗುಂಯ್ ಅಂದು
ಮಾಡಗ್ಯಾಳ ಟಗರಿನ ಬೆನ್ನಾಗ ಬಿಳೇ ದಾರಿ ಕೊರೀತು.
ಉಣ್ಣಿ, ನೆಗ್ಗಿಲಮುಳ್ಳು, ಹೋದ ವರ್ಷ ಹಚ್ಚಿದ ಕೆಂಪು
ಎಲ್ಲಾ ಹಳೇ ಕೌದಿ ಹಂಗ ಮಡಚಿ ಬಿತ್ತು.

ದುಂಡವ್ವ ಅತ್ತಿ ಅದರ ಗಿಣಿಮೂಗು ಎದಿಗೊತ್ತಿ
ಕಿವ್ಯಾಗ ಏನೋ ಹೇಳ್ಕೋತ ಕುಂತಿದ್ಲು.
ಆ ಸಪ್ಪಳದಾಗ ಯಾರಿಗೆ ಕೇಳಬೇಕು?
ಜತ್ತದ ಗಿರಾಕಿ ಎದುರಿಗೇ ನಿಂತಿದ್ದ,
ಕೈ ಕಿಸೆದಾಗ.

ಎಡಮಗ್ಗಲು ಮುಗಿದಿತ್ತು, ಅಷ್ಟೇ.
ಒಮ್ಮೆ ಕೆಮ್ಮಿ, ಇನ್ನೊಮ್ಮೆ ಕೆಮ್ಮಿ
ಜನರೇಟರು ಸುಮ್ಮನಾತು.
ಅತ್ತಿ ದನಿ ನಿಲ್ಲಲಿಲ್ಲ:
"ಅಂಜಬ್ಯಾಡ, ನಿನ್ನ ಕೊಡೂದಿಲ್ಲ. ಬರೇ ತೋರಸೂದು."

ಬಯಲೆಲ್ಲಾ ಕೇಳ್ತು.

ಗಿರಾಕಿ ಕಿಸೆದಿಂದ ಕೈ ತೆಗೆದ. ಬರಿಗೈ.
ಲಾಡ್ಲೇಸಾಬ ಬಾಟ್ಲಿ ಹಿಡಕೊಂಡು ಕೇಳಿದ,
"ಎಣ್ಣಿ ಹಾಕಲೇನ್ರೀ, ಇನ್ನರ್ಧಕ್ಕ?"
ಅತ್ತಿ ಆಗಲೇ
ಸೊಂಟದಾಗಿನ ಕತ್ತರಿ ಹುಡುಕತಿದ್ಲು.