ಗಂಟೆಗಿಷ್ಟು ಗಂಟು

ಸಡಾ ಗುಡ್ಡದ ತುದಿಗೊಂದು ಕಂಬ,
ಕಂಬದ ನೆತ್ತಿಗೆ ಮೂರು ಬಟ್ಟಲು.
ಬೇಡುತ್ತವೆ, ಸಿಕ್ಕಿದ್ದನ್ನು ಹಿಂದಕ್ಕೆ ಚೆಲ್ಲುತ್ತವೆ,
ಮತ್ತೆ ಬೇಡುತ್ತವೆ.
ಕೆಳಗಿನ ಕೋಣೆಯಲ್ಲಿ ನಾನು
ಗಂಟೆಗೊಮ್ಮೆ ಮುಳ್ಳು ನೋಡಿ
ದಪ್ಪ ವಹಿಯಲ್ಲಿ ಬರೆಯುತ್ತೇನೆ:
ಪಶ್ಚಿಮ, ಹನ್ನೊಂದು. ವಾಯವ್ಯ, ಹದಿನಾಲ್ಕು.

ಕೆಲಸಕ್ಕೆ ಸೇರಿದ ದಿನ ಕಪ್ತಾನ ಕುಲಾಸೊ ಹೇಳಿದ್ದರು:
ಹಿಂದೆ ಹಡಗಿನ ಬೆನ್ನಿಂದ ಹಗ್ಗ ಇಳಿಬಿಟ್ಟು
ಮರಳಗಡಿಯಾರ ಬರಿದಾಗುವಷ್ಟರಲ್ಲಿ
ಅಂಗೈಯಿಂದ ಜಾರಿದ ಗಂಟು ಎಣಿಸುತ್ತಿದ್ದರಂತೆ.
ಹಾಯಿ ಹೋಯಿತು, ಹಗ್ಗ ಹೋಯಿತು,
ಗಂಟು ಉಳಿಯಿತು. ನೀರಿನದ್ದು, ಗಾಳಿಗೂ ಬಂತು.

ನನಗೆ ಗೊತ್ತಿದ್ದ ಗಂಟು ಬೇರೆ.
ಬಾದಾಮಿಯಲ್ಲಿ ರೈಲು ಹತ್ತುವಾಗ ಅವ್ವನ ತಲೆ ಮೇಲಿದ್ದದ್ದು,
ಚಿಲ್ಲರೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿದ್ದು.
ಇದು ಗಂಟೆಗೆ ಎರಡು ಕಿಲೋಮೀಟರಿಗೆ ಚೂರು ಕಮ್ಮಿ.
ಇಂಥವು ಎರಡು ಸೇರಿದರೆ ಸೆಕೆಂಡಿಗೊಂದು ಮೀಟರು, ಹೆಚ್ಚುಕಡಿಮೆ.

ಪಣಜಿಯ ರೇಡಿಯೋ ಕಿಲೋಮೀಟರಿನಲ್ಲಿ ಮಾತಾಡುತ್ತದೆ,
ಹಡಗು ಗಂಟಿನಲ್ಲಿ, ಕ್ರೇನು ಮೀಟರಿನಲ್ಲಿ.
ಗಾಳಿಗೆ ಮೂರೂ ಬಾರದು.

ಬೈನಾದ ಓಣಿಯಲ್ಲಿ ಅವ್ವನಿಗೆ ಇದ್ಯಾವುದೂ ಬೇಡ.
ಲಾಡ್ಜಿನ ಬಿಳಿ ಚಾದರ ಒಗೆದು ತಂತಿಗೆ ಹಾಕುತ್ತಾಳೆ,
ಸಂಜೆ ಬೆರಳಿಂದ ಒರೆಸಿ ನೋಡುತ್ತಾಳೆ.
ಒಂದು ಬೆರಳು ಕಪ್ಪು. ಎರಡು ಬೆರಳು ಕಪ್ಪು.
ಎರಡು ಬೆರಳಿನ ದಿನ ಚಾದರ ಮತ್ತೆ ಬಾನಿಗೆ,
ಅಪ್ಪನ ಕೆಮ್ಮು ನಡುರಾತ್ರಿ ತನಕ.
"ಗಾಳಿ ಬಂದಾಗ ತೂರಿಕೋ ಅಂತಾರ,
ಇಲ್ಲಿ ಗಾಳಿ ಬಂದ್ರ ತೊಳಕೋ."

ಮೇ ತಿಂಗಳ ಕೊನೆಯ ಮಂಗಳವಾರ
ಎರಡನೇ ಕ್ರೇನಿನ ಯಂಕಂಚೆಪ್ಪ ವಾಕಿಟಾಕಿಯಲ್ಲಿ ಕೇಳಿದ:
ಗಾಳಿ ಎಷ್ಟ್ರೀ?
ನಾನು ಚಹಾ ಸೋಸುತ್ತಿದ್ದೆ.
ಇಪ್ಪತ್ತು, ಅಂದೆ.
ಮುಂದೆ ಏನೂ ಹಚ್ಚಲಿಲ್ಲ.

ಅವನ ಗಾಜಿನ ಗೂಡಿನಲ್ಲಿ ಕೆಂಪಕ್ಷರದ ಹಲಗೆ:
ಇಪ್ಪತ್ತು ಮೀಟರು ಮುಟ್ಟಿದರೆ ಕೊಕ್ಕೆ ಎತ್ತು, ಕ್ರೇನು ಕಟ್ಟು, ಇಳಿ.
ಎತ್ತಿದ, ಕಟ್ಟಿದ, ಇಳಿದ.
ಕಲ್ಲಿದ್ದಲ ರಾಶಿಗೆ ತಾಡಪತ್ರಿ ಎಳೆದು
ಹಳೇ ಟೈರು ಹೇರಿದರು, ಬಿರುಗಾಳಿ ಬಂತೆಂದು.
ಬೀಸುತ್ತಿದ್ದದ್ದು ಅದರ ಅರ್ಧ.
ಗೊತ್ತಾಗಿ, ಹಡಗಿನ ಏಜೆಂಟನ ಬೈಗುಳ ಮುಗಿದು
ತಾಡಪತ್ರಿ ಬಿಚ್ಚುವಷ್ಟರಲ್ಲಿ ಪಾಳಿಯೇ ಮುಗಿದಿತ್ತು.
"ಏನಿಪ್ಪತ್ತು ಅಂತ ನಾನೂ ಕೇಳ್ಲಿಲ್ಲ ಬಿಡ್ರಿ,"
ಯಂಕಂಚೆಪ್ಪ ಬೀಡಿ ಹಚ್ಚಲು ಮೂರು ಕಡ್ಡಿ ಗೀರಿದ.
ಮೂರೂ ಆರಿದವು.

ಕಪ್ತಾನರು ಮಾತಾಡಲಿಲ್ಲ.
ವಹಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದರು:
ಅಂಕಿಯ ಪಕ್ಕ ಮಾನ ಬರೆಯತಕ್ಕದ್ದು.
ಓದುತ್ತ ನಿಂತೆ. ಅಂಕಿಗೂ ಮಾನ ಇದೆ,
ಅದರದ್ದು ಹೋದರೆ ನನ್ನದೂ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು.
ಹೊಸ್ತಿಲಲ್ಲಿ ನನ್ನ ಓಡ್ನಿ ಇನ್ನೂ ಪಟಪಟ ಹಾರುತ್ತಿತ್ತು,
ತಗಡಿನ ಮೇಲಿನ ಕಲ್ಲು ಸಣ್ಣಗೆ ಕುಣಿಯುತ್ತಿತ್ತು.
ಒಳಗೆ ಅವ್ವ ಚಾದರ ಮಡಚುತ್ತಿದ್ದಳು, ಅಂಚಿಗೆ ಅಂಚು.
ಒರೆಸಿದ ಬೆರಳನ್ನು ಬಲ್ಬಿಗೆ ಹಿಡಿದಳು.
ಬೆರಳು ಬೆರಳಿನ ಬಣ್ಣದ್ದೇ.
ತಿರುಗಿಸಿ ನೋಡಿದಳು, ಇನ್ನೊಂದು ಚಾದರ ಒರೆಸಿದಳು.

"ಇವತ್ತ ಗಾಳೀನ ಇದ್ದಿಲ್ಲ ನೋಡ," ಅಂದಳು.