ಬ್ಯಾರೆ

"ಅಕ್ಕೋರ, ನಾವೀಗ ಬ್ಯಾರೆ ಮನ್ಯಾಗ ಅದೀವ್ರಿ"
ಅಂದಳು ಫಕೀರವ್ವ, ಹಾಜರಿ ಕೂಗುವಾಗ.
ಹಿಂದಿನ ಬೆಂಚಿನ ಮಿಸ್ರಿಯಾ ತಟ್ಟನೆ ತಲೆಯೆತ್ತಿ
"ಯಾವ ಬ್ಯಾರಿಯ ಮನೆ, ಟೀಚರ್? ನಮ್ಮ ಮಾಮಂದಾ?"
ತರಗತಿಗೆ ತರಗತಿಯೇ ನಕ್ಕಿತು.
ತರಗತಿಯೆಂದರೆ ಹನ್ನೊಂದು ಮಂದಿ,
ನಾನೂ ಸೇರಿ ಹನ್ನೆರಡು.

ಬ್ಯಾರೆ ಅಂದರೆ ಬೇರೆ
ಎಂದು ಬೋರ್ಡಿನ ಮೇಲೆ ಬರೆದೆ.
ಬರೆದ ಮೇಲೆ ಯಾರೂ ನಗಲಿಲ್ಲ.

ಇದು ಬೊಕ್ಕಪಟ್ಣದ ಕನ್ನಡ ಶಾಲೆ.
ಕಿಟಕಿಯಾಚೆ ಹೊಳೆ. ದೋಣಿಗೆ ಮೆತ್ತುವ ಎಣ್ಣೆಯ ವಾಸನೆ
ಮಗ್ಗಿಯ ಜೊತೆ ಬಾಯಿಪಾಠವಾಗುತ್ತದೆ.
ಊರ ಮಕ್ಕಳನ್ನು ಹಳದಿ ಬಸ್ಸು ಇಂಗ್ಲಿಷಿಗೆ ಒಯ್ಯುತ್ತದೆ.
ಈ ಬಾಗಿಲಿಗೆ ಬೀಗ ಬೀಳದಂತೆ ಕೂತವರು
ರೋಣ, ಹುನಗುಂದ, ಕುಷ್ಟಗಿಯಿಂದ ಬಂದು
ಸಾರಣೆ ಮಾಡುವವರ, ಕಾಂಕ್ರೀಟು ಹೊರುವವರ ಮಕ್ಕಳು.
"ಘಟ್ಟದಕುಲು" ಅನ್ನುತ್ತಾರೆ ನಮ್ಮವರು,
ಮೇಲಿಂದ ಇಳಿದವರನ್ನು
ಇನ್ನೂ ಕೆಳಗಿಳಿಸುವ ದನಿಯಲ್ಲಿ.

ನಾನು ಓದಿದ್ದೂ ಇಲ್ಲೇ.
ಆಗ ತುಳು ಮಾತಾಡಿದರೆ ಐದು ಪೈಸೆ ದಂಡ.
"ಬಲ" ಅಂದರೆ ಐದು. "ಅಪ್ಪೆ" ಅಂದರೆ ಐದು.
ಮೊಣಕಾಲು ಒಡೆದುಕೊಂಡು "ಅಪ್ಪೇ" ಎಂದು ಅತ್ತದ್ದಕ್ಕೆ,
ಮನೆಯಲ್ಲಿ ಕೊಂಕಣಿಯಾಡುವ ಫ್ಲೋಸಿ ಟೀಚರು
ಸ್ವಲ್ಪ ಯೋಚಿಸಿ,
ಐದು.
ಬಿಸ್ಕತ್ತಿನ ಡಬ್ಬ ತುಂಬಿದ ವರ್ಷ
ಆ ದುಡ್ಡಿಗೆ ರಾಜ್ಯದ ನಕಾಶೆ ಬಂತು.
ಈಗಲೂ ಗೋಡೆಯ ಮೇಲಿದೆ.
ಎಡಗಡೆ ಕೆಳಮೂಲೆಯನ್ನು ಗೆದ್ದಲು ತಿಂದಿದೆ.
ಮಂಗಳೂರು ತೋರಿಸಬೇಕಾದರೆ
ಗೋಡೆಗೇ ಬೆರಳಿಡುತ್ತೇನೆ.

"ಇದ್ರಾಗ ನಮ್ ಗದಗ ಜಿಲ್ಲಾ ಎಲ್ಲೈತ್ರಿ?"
ಹಳೇ ನಕಾಶೆ ಮಗಾ, ಗದಗ ಇನ್ನೂ ಧಾರವಾಡದ ಹೊಟ್ಟೆಯಲ್ಲಿದೆ,
ಉಡುಪಿ ನಮ್ಮ ಹೊಟ್ಟೆಯಲ್ಲಿ.
ಎರಡಕ್ಕೂ ಆಮೇಲೆ ಒಂದೇ ತಿಂಗಳಲ್ಲಿ ಹೆರಿಗೆ.
"ಮತ್ತ ಬಾಣಂತನ ಯಾರ್ ಮಾಡಿದ್ರು?"
ಪಠ್ಯಪುಸ್ತಕದಲ್ಲಿಲ್ಲ.

ಶನಿವಾರ ಪುತ್ರನ್ ಭಾವ ಬಂದ, ಕಂಕುಳಲ್ಲಿ ಮನವಿಪತ್ರ.
ಕರಾವಳಿಗೆ ಅದರದೇ ರಾಜ್ಯ ಬೇಕು.
ಬಂದರು ನಮ್ಮದು, ಬ್ಯಾಂಕುಗಳು ಹುಟ್ಟಿದ್ದು ನಮ್ಮಲ್ಲಿ,
ಶಿರಾಡಿ ಮಾತ್ರ ಮಳೆಗಾಲಕ್ಕೊಮ್ಮೆ
ಅವರ ಕಡತದೊಳಗೇ ಕುಸಿಯುತ್ತದೆ.
ಸುಳ್ಳೆನ್ನಲು ನನಗೆ ಬಾಯಿ ಬರಲಿಲ್ಲ.
ಬೆಂಗಳೂರಿಗೆ ತರಬೇತಿಗೆ ಹೋದಾಗ
"ಏನ್ ಮೇಡಂ, ಪುಸ್ತಕದ ಥರ ಮಾತಾಡ್ತೀರಾ" ಎಂದು
ಪುಸ್ತಕ ಮಾಡಿದವರೇ ನಕ್ಕಿದ್ದರು.
"ಒಂಜಿ ಸೈನ್ ಪಾಡ್‌ಲ" ಅಂದ ಭಾವ.
ಮತ್ತೆ ದನಿ ತಗ್ಗಿಸಿ, ಕಾಗುಣಿತವೂ ಒಮ್ಮೆ ನೋಡಿಬಿಡು ಎಂದ.

ಎಂಥ ಕನ್ನಡ! ಮೂರು ಪುಟ,
ಸಂಧಿ ಸಮಾಸ ಎಲ್ಲೂ ಎಡವಿಲ್ಲ.
ಒಂದು ಕಡೆ ಮಾತ್ರ "ಪ್ರತ್ಯೇಖ" ಎಂದಿತ್ತು.
ಕೆಂಪು ಶಾಯಿಯಲ್ಲಿ ಅದರ ಮಹಾಪ್ರಾಣ ತೆಗೆದೆ.
ಸಹಿಯ ಜಾಗದಲ್ಲಿ ಪೆನ್ನು ನಿಂತುಬಿಟ್ಟಿತು,
ನಿಂತಲ್ಲೇ ಶಾಯಿ ಹರಡಿ
ಹೆಸರಿಲ್ಲದ ಒಂದು ಊರಾಯಿತು.

ಸೋಮವಾರ ಬಾಗಿಲಲ್ಲಿ ದುರಗವ್ವ,
ಸೆರಗಿನ ತುಂಬ ಸಿಮೆಂಟು.
"ನಮ್ ಕಡೆನೂ ಕೇಳಾಕತ್ತಾರ್ರಿ, ಬ್ಯಾರೆ ರಾಜ್ಯ.
ಅದಾದ್ರ ಇಲ್ಲಿ ದುಡಿಯಾಕ ಬರಾಕ
ಚೀಟಿ ಬೇಕಾಕ್ಕತೇನ್ರಿ ಅಕ್ಕೋರ?"
ಕೇಳಿದ್ದು ನನ್ನನ್ನು.
ನಾನು ಬಿಸಿಯೂಟದ ಅಕ್ಕಿ ಅಳೆಯುತ್ತಿದ್ದೆ,
ಎಷ್ಟು ಸೇರು ಹಾಕಿದೆನೆಂದು ಮರೆತುಹೋಯಿತು.

ಊಟಕ್ಕೆ ಮುಂಚೆ ಎರಡನೆಯ ಪಾಠ.
ಮೊದಲ ಪ್ರಶ್ನೆ: ನೀವು ಯಾವ ನಾಡಿನವರು?
ಫಕೀರವ್ವ ಎದ್ದು ನಿಂತಳು.
ಮಿಸ್ರಿಯಾಳನ್ನು ನೋಡಿದಳು,
ಗೆದ್ದಲು ತಿಂದ ಮೂಲೆಯನ್ನು ನೋಡಿದಳು.
"ಎಂಕ್ ಗೊತ್ತುಜ್ಜಿ, ಅಕ್ಕೋರ."

ನನ್ನ ಕೈ ತಾನಾಗಿಯೇ ಹೋಗಿ
ಮೇಜಿನಡಿಯ ಬಿಸ್ಕತ್ತಿನ ಡಬ್ಬ ತಡಕಿತು.
ಈಗ ಅದರಲ್ಲಿ ಚಾಕ್‌ಪೀಸಿನ ಚೂರುಗಳಿವೆ.
ಒಂದನ್ನು ಹೆಕ್ಕಿ
ನಕಾಶೆ ಮುಗಿದು ಗೋಡೆ ಶುರುವಾಗುವಲ್ಲಿ ನಿಂತು
"ಬಲ" ಅಂದೆ.

ಬಂದಳು.