ಎಪ್ಪತ್ತೈದು ಉಂಡೆ ದಾರ

ತೋರಣಗಲ್ಲಿನಿಂದ ಹೈದರಾಬಾದಿಗೆ
ಗಾಳ್ಯಾಗ ನೆಟ್ಟಗೆ ಹೋದರೆ ಮುನ್ನೂರು ಕಿಲೋಮೀಟರ್,
ಅಂದ ಮಾಲೀಕ, ಟಿಕೇಟು ಕೈಗಿಟ್ಟು.
ನೀನೇ ಹೋಗು ಹುಸೇನಮ್ಮ, ಜೇಬಿನ ಕೆಲಸ ನೀನೇ ತೋರಿಸು.

ನನ್ನ ಲೆಕ್ಕ ಬೇರೆ.
ಒಂದು ಉಂಡೆಗೆ ನಾಲ್ಕು ಸಾವಿರ ಮೀಟರ್,
ಅಂದರೆ ಕಿತ್ತಳೆ ದಾರದ ಎಪ್ಪತ್ತೈದು ಉಂಡೆ,
ಗಂಟು ಬೀಳದಿದ್ದರೆ.
ಹೊತ್ತು, ಒಂದು ತಾಸು ಐದು ನಿಮಿಷ:
ಅಷ್ಟರಾಗ ಅರವತ್ತು ಹಿಂಜೇಬು,
ಕರೆಂಟಿದ್ದರೆ.

ಕೌಲ್ ಬಜಾರಿನಿಂದ ಆಟೋ.
ಕುಡತಿನಿ ಹತ್ತಿರ ಅದಿರಿನ ಲಾರಿಗಳ ಹಿಂದೆ
ಮೂವತ್ತು ಜೇಬಿನಷ್ಟು ಹೊತ್ತು ಹೋಯ್ತು.
ಆಮೇಲೆ ಚೀಲ ತೆರಿ, ಕೈ ಚಾಚು.
ದಾರ ಕತ್ತರಿಸೋ ಪುಟ್ಟ ಕತ್ತರಿ,
"ಇದು ಹೋಗಲ್ಲಮ್ಮ",
ಡಬ್ಬಿಗೆ ಬಿತ್ತು.
ಹನ್ನೊಂದು ವರ್ಷದ್ದು.

ಮೋಡದ ಮೇಲೂ ಅದೇ ಮಷೀನ್ ಸದ್ದು,
ಕಾಲಡಿ ಪೆಡಲಿಲ್ಲ ಅಷ್ಟೇ.
ಆದರೂ ಕಾಲು ಒತ್ತುತ್ತಲೇ ಇತ್ತು.
ನಾ ಒತ್ತಿದ್ದಕ್ಕೇ ಇದು ಹಾರತೈತೇನೋ ಅನ್ನಿಸಿ
ಒಬ್ಬಳೇ ನಕ್ಕೆ.

ಇಳಿದ ಮೇಲೆ ಮುಂದಿನ ಸೀಟಿನವ ಎದ್ದ,
ಮೇಲಿನ ಚೀಲಕ್ಕೆ ಕೈ ಹಾಕಿದ.
ಎಡ ಹಿಂಜೇಬಿನ ಮೂಲ್ಯಾಗ
ಹೊಲಿಗೆ ಒಂದು ಹೆಜ್ಜೆ ತಪ್ಪೈತೆ.
ನನ್ನದೇ. ದೀಪಾವಳಿ ಮುಂಚಿನ ಮಾಲು,
ಆವತ್ತು ಮಗಳಿಗೆ ಜ್ವರ,
ಕಣ್ಣು ಗಡಿಯಾರದ ಮ್ಯಾಲಿತ್ತು.

ಚೀಟಿ ಯಾವುದೋ ಊರಿನದು.
ಎಷ್ಟು ಉಂಡೆ ದಾರಿ ಸುತ್ತಿತೋ
ನನ್ನ ಮೊಣಕಾಲಿನ ಮುಂದೆ ಬಂದು ನಿಲ್ಲೋಕೆ.

"ಏನಮ್ಮ?" ಅಂದ, ತಿರುಗಿ.

ಏನಿಲ್ಲಣ್ಣ, ಒಂದು ಎಳೆ ಜೋತಾಡತೈತೆ.
ಕತ್ತರಿ ಇದ್ದಿದ್ದರೆ
ತೆಗೆದುಬಿಡ್ತಿದ್ದೆ.